‘ಹ್ಯಾಲೋಡ್ ಬಿ ದೈ ನೇಮ್’: ಆ ಕೊನೇ ಸಾಲು ಹಾಡೋದು ಯಾರು?

ಸೈಡ್ ಬಿ

ಬಹಳ ವರ್ಷದಿಂದ ತಲೆಯಲ್ಲಿ ಕೊರೀತಿರೋ ಒಂದು ವಿಷಯ, ಇವತ್ತು ಇಲ್ಲಿ ಹೇಳಿಬಿಡ್ತೀನಿ. ಉದ್ದ ಆಗುತ್ತೆ, ಸ್ವಲ್ಪ ತಾಳ್ಮೆಯಿಂದ ಓದಿ.

ಐರನ್ ಮೇಡನ್ ಅನ್ನೋ ಬ್ರಿಟಿಷ್ ಹೆವಿ ಮೆಟಲ್ ತಂಡದ ಈ ಹಾಡು ಇಲ್ಲಿ ಬಹಳ ಜನಕ್ಕೆ ಗೊತ್ತು. 1982ರ ಮಾರ್ಚ್‌ನಲ್ಲಿ ಬಂದ ‘ದ ನಂಬರ್ ಆಫ್ ದ ಬೀಸ್ಟ್’ ಆಲ್ಬಮ್ಮಿನ ಕೊನೇ ಹಾಡು. ಬರೆದದ್ದು ಬೇಸ್ ನುಡಿಸೋ ಸ್ಟೀವ್ ಹ್ಯಾರಿಸ್. ಬ್ರೂಸ್ ಡಿಕಿನ್ಸನ್ ತಂಡ ಸೇರಿ ಹಾಡಿದ ಮೊದಲ ಆಲ್ಬಮ್ ಅದು. ಕೇಳದವರಿಗೆ ಕಥೆ ಇಷ್ಟು: ಗಲ್ಲು ಶಿಕ್ಷೆಯಾದ ಕೈದಿಯೊಬ್ಬ ತಣ್ಣಗಿನ ಕೋಣೆಯಲ್ಲಿ ಕೂತಿದ್ದಾನೆ. ಗಂಟೆ ಹೊಡೆಯುತ್ತೆ. ಐದು ಗಂಟೆಗೆ ಅವನನ್ನ ಗಲ್ಲಿಗೆ ಕರ್ಕೊಂಡು ಹೋಗ್ತಾರೆ. ಪಾದ್ರಿ ಬರ್ತಾರೆ, ಇವನು ಕಂಬಿಯಾಚೆ ಕೊನೇ ಸಲ ಲೋಕ ನೋಡ್ತಾನೆ. ಎಲ್ಲೋ ಏನೋ ತಪ್ಪಾಗಿರಬೇಕು ಅಂತ ಅವನಿಗೆ ಅನಿಸುತ್ತೆ, ಇದು ಕನಸು ಅಂತ ಯಾರಾದರೂ ಹೇಳಲಿ ಅಂತ ಹಂಬಲಿಸ್ತಾನೆ. ಕಾವಲಿನವರು ಅಂಗಳಕ್ಕೆ ನಡೆಸ್ತಾರೆ. ಅವನು ಮಾಡಿದ ಅಪರಾಧ ಏನು ಅಂತ ಹಾಡು ಎಲ್ಲೂ ಹೇಳಲ್ಲ.

ನಾನು ಇದನ್ನ ಮೊದಲು ಕೇಳಿದ್ದು 1996ರಲ್ಲಿ, ದಾವಣಗೆರೆಯ ಹಾಸ್ಟೆಲ್‌ನಲ್ಲಿ. ಸೀನಿಯರ್ ಒಬ್ಬರು ತಮಗಿಷ್ಟವಾದ ಹಾಡುಗಳನ್ನೆಲ್ಲ ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟಿದ್ರು. ಬಿ ಸೈಡ್‌ನಲ್ಲಿ ಕೊನೆಯದ್ದು ಈ ಹಾಡು. ಏಳು ನಿಮಿಷ ದಾಟೋ ಹಾಡು, ಟೇಪು ಅಷ್ಟು ಉದ್ದ ಇರಲಿಲ್ಲ. ಮಾತೆಲ್ಲ ಮುಗಿದು, ಗಿಟಾರ್‌ಗಳು ಓಡ್ತಾ ಇರೋವಾಗ ಟಕ್ ಅಂತ ನಿಂತುಹೋಗ್ತಿತ್ತು. ಮೂರು ವರ್ಷ ನಾನು ಆ ಹಾಡನ್ನ ಹಾಗೇ ಕೇಳಿದ್ದು. ನನ್ನ ಪಾಲಿಗೆ ಅದರ ಕಡೇ ಮಾತು ಅಂದ್ರೆ, ‘ಅಲ್ಲಿ ಕೆಳಗಿನ ಬಾಳು ಬರೀ ವಿಚಿತ್ರ ಭ್ರಮೆ’ ಅನ್ನೋ ಅರ್ಥದ ಸಾಲು. ಮನೆಯಲ್ಲಿ ಅಜ್ಜ ದಿನಾ ಮಾಯೆ, ಮಿಥ್ಯೆ ಅಂತ ಹೇಳೋದು ಕೇಳಿ ಬೆಳೆದವನಿಗೆ ಇನ್ನೇನು ಬೇಕು? ಲಂಡನ್ನಿನ ಹುಡುಗರು ನಮ್ಮಜ್ಜನ ಮಾತನ್ನೇ ಹಾಡಿದ್ದಾರೆ ಅಂತ ರೋಮಾಂಚನ ಆಗಿತ್ತು.

1999ರಲ್ಲಿ ಬೆಂಗಳೂರಿನ ಗೆಳೆಯನ ರೂಮಲ್ಲಿ ಸೀಡಿ ಹಾಕಿದಾಗ ಟೇಪು ನಿಲ್ಲೋ ಜಾಗ ಬಂತು, ನಿಲ್ಲಲಿಲ್ಲ. ಸೋಲೋ ಮುಗೀತು, ಡಿಕಿನ್ಸನ್ ದನಿ ಮತ್ತೆ ಬಂತು. ಅಷ್ಟು ಹೊತ್ತು ಒಮ್ಮೆಯೂ ಬಾರದ, ದೇವರ ಹೆಸರು ಪವಿತ್ರವಾಗಲಿ ಅನ್ನೋ ಅರ್ಥದ ಶೀರ್ಷಿಕೆಯ ಸಾಲು ಆಗ ಬಂತು. ಈ ಹಾಡಿಗೆ ಪಲ್ಲವಿ ಇಲ್ಲ, ಗಮನಿಸಿದ್ದೀರಾ? ಹೆಸರಿನ ಸಾಲು ಬರೋದು ತೀರಾ ಕೊನೆಯಲ್ಲಿ ಮಾತ್ರ. ಕೂತಲ್ಲೇ ಮೈ ಜುಂ ಅಂತು. ನನ್ನ ಮಾಯೆಯ ಹಾಡು ಪ್ರಾರ್ಥನೆಯಾಗಿ ಮುಗಿದಿತ್ತು.

ಆಮೇಲೆ ನಾನು ಸಾಲುಸಾಲಾಗಿ ನೋಟ್‌ಬುಕ್ಕಲ್ಲಿ ಕನ್ನಡಕ್ಕೆ ಇಳಿಸೋಕೆ ಶುರುಮಾಡಿದೆ. ಇಳಿಸುವಾಗ ಸಿಕ್ಕಿದ್ದು ಇದು. ಹಗ್ಗ, ಹಲಗೆ, ಮುಸುಕು ಯಾವುದೂ ಹಾಡಿನಲ್ಲಿ ಬರಲ್ಲ. ಅಂಗಳದಲ್ಲಿ ನಡೀತಾ ಇರೋನು ‘ನನ್ನ ಜೀವ ಹಾರೋಕೆ ಸಿದ್ಧ ಇದೆ, ಹಿಡ್ಕೋ’ ಅಂತಾನೆ. ಅದು ಈಗಿನ ಮಾತು. ಸ್ವಲ್ಪ ಮುಂದೆ ಬರೋ ಮಾತು ‘ನಾನು ಹೋದೆ ಅಂತ ಚಿಂತೆ ಬೇಡ’ ಅನ್ನೋ ಧಾಟಿಯದ್ದು. ಅಂದ್ರೆ ಹೋಗಿ ಆಗಿದೆ. ಎರಡು ಸಾಲಿನ ನಡುವೆ ಅವನು ಸತ್ತಿದ್ದಾನೆ. ಅದಕ್ಕೇ ಆ ‘ಅಲ್ಲಿ ಕೆಳಗೆ’. ಬದುಕಿದ್ದೋನು ಬಾಳನ್ನ ‘ಇಲ್ಲಿ’ ಅಂತಾನೆ, ‘ಅಲ್ಲಿ’ ಅನ್ನಲ್ಲ. ಇದನ್ನ ಕಂಡ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾದ್ರೆ ನನ್ನ ಪ್ರಶ್ನೆ: ಅವನು ಸತ್ತಿದ್ದಾನೆ, ಮಾತು ಮುಗಿದಿದೆ, ಸುಮಾರು ಎರಡು ನಿಮಿಷ ಬರೀ ವಾದ್ಯ. ಅದಾದ ಮೇಲೆ ಬರೋ ಆ ಕೊನೇ ಸಾಲು ಯಾರದ್ದು?

ಪೂಜೆ ಗಂಟೆ

ಸೈಡ್ ಬಿ ಅವರೇ, ನಾನು ಹಾಸನ ಕಡೆಯವಳು, ಕಥೋಲಿಕ ಮನೆ. ಈ ಸಾಲು ನನಗೆ ಮೆಟಲ್‌ಗಿಂತ ಮುಂಚೆ ಗೊತ್ತಿದ್ದದ್ದು. ಮತ್ತಾಯನ ಸುವಾರ್ತೆ ಆರನೇ ಅಧ್ಯಾಯದಲ್ಲಿ ಯೇಸು ಕಲಿಸಿಕೊಟ್ಟ ಪ್ರಾರ್ಥನೆ ಅದು. ನಾವು ಚರ್ಚಿನಲ್ಲಿ ‘ನಿಮ್ಮ ನಾಮವು ಪೂಜಿತವಾಗಲಿ’ ಅಂತ ಹೇಳ್ತೀವಿ. ನನ್ನ ಪ್ರಾಟೆಸ್ಟೆಂಟ್ ಗೆಳತಿಯ ಬೈಬಲ್ಲಿನಲ್ಲಿ ‘ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ’ ಅಂತಿದೆ.

ಕೊನೆಯಲ್ಲಿರೋ ‘ಆಗಲಿ’ ನೋಡಿ. ದೇವರ ಹೆಸರು ಪವಿತ್ರವಾಗಿದೆ ಅಂತ ಅವನು ಸಾರ್ತಾ ಇಲ್ಲ, ಆಗಲಿ ಅಂತ ಕೇಳ್ಕೋತಾ ಇದ್ದಾನೆ. ಸಾಯೋಕೆ ಮುಂಚೆ ‘ದೇವರು ಅಂತ ಒಬ್ಬನಿದ್ರೆ ನನ್ನನ್ನ ಯಾಕೆ ಬಿಟ್ಟ’ ಅಂದವನ ಬಾಯಲ್ಲಿ ಈ ‘ಆಗಲಿ’ ತುಂಬಾ ದೊಡ್ಡ ಮಾತು.

ಇನ್ನೊಂದು ಇದೆ. ಆ ಪ್ರಾರ್ಥನೆ ಅಲ್ಲಿಗೆ ಮುಗಿಯಲ್ಲ. ‘ನಿಮ್ಮ ರಾಜ್ಯ ಬರಲಿ’ ಅಂತ ಮುಂದುವರಿದು ‘ನಿಮ್ಮ ಚಿತ್ತ ನೆರವೇರಲಿ’ ಅಂತ ಬರುತ್ತೆ. ಗಲ್ಲಿಗೆ ಹೋಗೋನಿಂದ ಪಾದ್ರಿ ಬಯಸೋದು ಇದನ್ನೇ, ನಿನ್ನಿಷ್ಟದಂತೆ ಆಗಲಿ ಅನ್ನೋದನ್ನ. ಹಾಡು ಅಷ್ಟು ದೂರ ಹೋಗಲ್ಲ, ಹೆಸರಿನ ಸಾಲಿಗೇ ನಿಂತುಬಿಡುತ್ತೆ. ನನಗೆ ಪ್ರತಿ ಸಲ ಎದೆ ಹಿಂಡೋದು ಅಲ್ಲೇ. ಹೆಸರಿಗೆ ಕೈಮುಗೀತಾನೆ, ಶಿಕ್ಷೆಗೆ ಒಪ್ಪಿಗೆ ಕೊಡಲ್ಲ.

ನಿಮ್ಮ ಕ್ಯಾಸೆಟ್ ಹಾಡನ್ನ ಅರ್ಧಕ್ಕೆ ನಿಲ್ಲಿಸಿತ್ತು ಅಂದ್ರಿ. ಪೂರ್ತಿ ಕೇಳಿದ್ರೂ ಪ್ರಾರ್ಥನೆ ಅರ್ಧಕ್ಕೇ ನಿಂತಿದೆ.

ಜೋಳದ ರೊಟ್ಟಿ

ಎಲ್ಲಾರದೂ ಓದಿದೆ, ಛಲೋ ಬರದೀರಿ. ಆದ್ರ ನನಗ ಒಂದ್ ಮಾತ್ ಹೇಳೂದೈತ್ರಿ. ಮಾಯಾ, ಪ್ರಾರ್ಥನಾ ಅನ್ಕೋಂತ ನಾವು ಭಾಳ ಲಗೂನ ಮ್ಯಾಲ ಹೋಗೇವಿ. ಈ ಹಾಡಿನ ಮುಕ್ಕಾಲು ಪಾಲು ಅಂಜಿಕಿ ಐತಿ. ಚೀರಬೇಕನಸ್ತೈತಿ, ಮಾತು ಹೊರಗ ಬರೂದಿಲ್ಲ. ಕಣ್ಣಾಗ ನೀರು ಬರ್ತಾವು, ‘ಸಾಯಾಕ ಅಂಜೂದಿಲ್ಲ, ಮತ್ತ ಯಾಕ ಅಳಾಕತ್ತೀನಿ’ ಅಂತ ತನ್ನನ್ನ ತಾನ ಕೇಳ್ತಾನ. ‘ಕೊನಿ ಅನ್ನೂದ ಇಲ್ಲ ಅಂತ ನಾ ನಂಬೀನಲ್ಲ?’ ಅಂತ ಕೇಳ್ತಾನ. ನಂಬಿದವ ಹಂಗ ಕೇಳೂದಿಲ್ರಿ.

ನಮ್ಮ ಬೆಳಗಾವಿ ಕಡೆ ಹಿಂಡಲಗಾ ಜೈಲು ಅಂದ್ರ ಸಾಕು, ಗಲ್ಲು ಅಂತ ಸಣ್ಣ ಹುಡುಗರಿಗೂ ಗೊತ್ತು. ನಮ್ಮ ದೊಡ್ಡಪ್ಪ ಬ್ಯಾರೇ ಊರಿನ ಒಂದು ಜೈಲಿನ್ಯಾಗ ವಾರ್ಡರ್ ಇದ್ರು. ಗಲ್ಲಿನ ಮಾತು ತಗದ್ರ ಎದ್ದು ಹೊರಗ ಹೋಗ್ತಿದ್ರು. ಒಮ್ಮಿ ಮಾತ್ರ ಹೇಳಿದ್ರು: ಆ ರಾತ್ರಿ ಹೋಗಾವ ಒಬ್ಬನ ಎಚ್ಚರ ಇರೂದಿಲ್ಲ, ಆ ಸಾಲಿನ ಎಲ್ಲಾ ಖೋಲಿ ಎಚ್ಚರ ಇರ್ತಾವು. ಯಾರೂ ಊಟಾ ಮಾಡೂದಿಲ್ಲ. ಮುಂಜಾನಿ ಬೂಟಿನ ಸಪ್ಪಳ ಯಾವ ಖೋಲಿ ಮುಂದ ನಿಲ್ಲತೈತಿ ಅಂತ ಎಲ್ಲಾರೂ ಕಿವಿ ಕೊಟ್ಟ ಕುಂತಿರ್ತಾರ.

ಹಾಡು ಬರದವರ ದೇಶದಾಗ ಕಡೀ ಗಲ್ಲು ಆಗಿದ್ದು 1964ರ ಆಗಸ್ಟ್ 13ಕ್ಕ, ಒಂದ ದಿನ ಇಬ್ಬರಿಗೆ. ಹ್ಯಾರಿಸ್ ಹುಟ್ಟಿದ್ದು 1956. ಎಂಟು ವರ್ಷದ ಹುಡುಗ. ಮುಂದಿನ ವರ್ಷ ಅಲ್ಲಿ ಪಾರ್ಲಿಮೆಂಟಿನ್ಯಾಗ ಕೊಲಿಗೆ ಗಲ್ಲು ನಿಲ್ಲಿಸಿದ್ರು. ಹಂಗಾಗಿ ಅವ್ರಿಗೆ ಗಲ್ಲು ಅಂದ್ರ ಹಳೀ ಕಥಿ ಆಗಿರಬಹುದು. ನಮಗ ಇನ್ನೂ ಪೇಪರಿನ್ಯಾಗ ಬರೂ ಸುದ್ದಿ. ಅದಕ್ಕ ನನಗ ಈ ಹಾಡಿನ್ಯಾಗ ಮೊದಲ ಕೇಳಸೂದು ಆ ಬೂಟಿನ ಸಪ್ಪಳ, ವೇದಾಂತ ಆಮ್ಯಾಲ.

ಸೈಡ್ ಬಿ

ಪೂಜೆ ಗಂಟೆ ಮೇಡಂ, ‘ಚಿತ್ತ ನೆರವೇರಲಿ’ ತನಕ ಹೋಗದೆ ನಿಲ್ಲುತ್ತೆ ಅಂದ್ರಲ್ಲ, ಅದನ್ನ ಓದಿ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನನಗೆ ಇದು ಹೊಳೆದೇ ಇರಲಿಲ್ಲ.

ರೊಟ್ಟಿ ಅಣ್ಣ, ನೀವು ಹೇಳಿದ್ದು ಒಪ್ಪಿದೆ. ಶುರುವಿನ ಭಾಗದಲ್ಲಿ ‘ನನ್ನ ಪಾಲಿನ ಕಾಲದ ಮರಳು ಮುಗೀತಾ ಬಂತು’ ಅನ್ನೋ ಸಾಲಿನ ಕೊನೇ ಪದವನ್ನ ಡಿಕಿನ್ಸನ್ ಉಸಿರು ಇರೋವಷ್ಟು ಎಳೀತಾರಲ್ಲ, ಅದನ್ನ ನಾನು ಇಷ್ಟು ದಿನ ಗಾಯಕನ ತಾಕತ್ತು ಅಂತ ಕೇಳ್ತಿದ್ದೆ. ಅದು ಚೀರಾಟ ಅಂತ ಈಗ ಕೇಳಿಸ್ತಿದೆ. ಆಮೇಲೆ ಚೀರದೆ ಇರೋದು ಕಷ್ಟ ಅಂತಾನೆ, ಆದ್ರೆ ಅಷ್ಟೊತ್ತಿಗಾಗಲೇ ಚೀರಿದ್ದಾನೆ.

‘ಯಾಕೆ ಬಿಟ್ಟ’ ಅನ್ನೋದರ ಬಗ್ಗೆ ಒಂದು ಮಾತು. ಇಂಗ್ಲಿಷಿನ ಆ ಸಾಲನ್ನ ಕೈಬಿಟ್ಟ ಅಂತಲೂ ಓದಬಹುದು, ಹೋಗೋಕೆ ಬಿಟ್ಟ ಅಂತಲೂ ಓದಬಹುದು. ನಮ್ಮ ‘ಬಿಡು’ ಎರಡನ್ನೂ ಹೊರುತ್ತೆ. ಕೈಬಿಡೋದೂ ಬಿಡೋದೇ, ಬಿಡುಗಡೆಯೂ ಬಿಡೋದೇ. ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಕಡೆ ಹೊಡೆದು ಬರೆದಿದ್ದೀನಿ, ಆ ಒಂದು ಪದ ಮಾತ್ರ ಮೊದಲ ಸಲಕ್ಕೇ ಕೂತಿತು.

ಡಬಲ್ ಪೆಡಲ್

ಗುರು, ನಿನ್ನ ಓದು ಚೆನ್ನಾಗಿದೆ. ಆದ್ರೆ ಒಂದು ವಿಷಯ ಹೇಳದೆ ಇದ್ರೆ ತಪ್ಪಾಗುತ್ತೆ. ನೀನು ಇಡೀ ಮನೆ ಕಟ್ಟಿರೋ ಆ ಸಾಲುಗಳಿವೆಯಲ್ಲ, ‘ಹೋದೆ ಅಂತ ಚಿಂತೆ ಬೇಡ’ ಮತ್ತು ‘ಅಲ್ಲಿ ಕೆಳಗೆ’, ಅವನ್ನೇ ಹೋಲೋ ಸಾಲುಗಳು ಎಪ್ಪತ್ತರ ದಶಕದ ಬೆಕೆಟ್ ಅನ್ನೋ ಬ್ರಿಟಿಷ್ ತಂಡದ ‘ಲೈಫ್ಸ್ ಶ್ಯಾಡೋ’ ಹಾಡಿನಲ್ಲಿವೆ. ಅದೇ ಕಾರಣಕ್ಕೆ ಕೇಸಾಗಿ, 2017ರ ಅಮೆರಿಕಾ ಪ್ರವಾಸದಲ್ಲಿ ಮೇಡನ್ ಈ ಹಾಡನ್ನ ಕೈಬಿಟ್ಟಿತ್ತು. 2018ರಲ್ಲಿ ರಾಜಿಯಾಯ್ತು, ಹಾಡು ಮತ್ತೆ ವೇದಿಕೆಗೆ ಬಂತು. ಆದ್ದರಿಂದ ಹ್ಯಾರಿಸ್ ಸಾವಿನ ಕ್ಷಣವನ್ನ ವ್ಯಾಕರಣದಲ್ಲಿ ಬಚ್ಚಿಟ್ಟರು ಅನ್ನೋ ಮಾತನ್ನ ಸ್ವಲ್ಪ ಜೋಪಾನವಾಗಿ ಹೇಳಬೇಕು.

ನಾನು ಡ್ರಮ್ಮರ್, ಪದಕ್ಕಿಂತ ಬಡಿತ ಹೆಚ್ಚು ಕೇಳೋನು. ಈ ಆಲ್ಬಮ್ಮಿನಲ್ಲಿ ನುಡಿಸಿರೋದು ಕ್ಲೈವ್ ಬರ್. ಮೇಡನ್ ಜೊತೆ ಅವರ ಕೊನೇ ಆಲ್ಬಮ್ ಇದು, 2013ರಲ್ಲಿ ತೀರಿಕೊಂಡರು. ಶುರುವಿನಲ್ಲಿ ಗಂಟೆ ಹೊಡೆಯೋವಾಗ ಡ್ರಮ್ ಹೆಚ್ಚುಕಮ್ಮಿ ಹೊರಗೇ ನಿಂತಿರುತ್ತೆ. ಅಂದ್ರೆ ಹೊತ್ತು ಹೇಳೋ ಕೆಲಸ ಗಂಟೆಯದ್ದು. ಪದ ಮುಗಿದ ಮೇಲೆ ಹಾಡು ವೇಗ ಹಿಡಿಯುತ್ತಲ್ಲ, ಅಲ್ಲಿ ಗಂಟೆ ಇಲ್ಲ. ಹೊತ್ತು ಅನ್ನೋದೇ ಇಲ್ಲ. ಡೇವ್ ಮರ‍್ರೆ, ಏಡ್ರಿಯನ್ ಸ್ಮಿತ್ ಇಬ್ಬರ ಗಿಟಾರ್ ಓಡ್ತಾ ಇರುತ್ತೆ. ಸಾವು ಅಂದ್ರೆ ನಿಧಾನ ಆಗಬೇಕಿತ್ತು, ಇಲ್ಲಿ ಓಟ ಶುರುವಾಗುತ್ತೆ. ನನ್ನ ಲೆಕ್ಕದಲ್ಲಿ ಜೀವ ಹಾರಿದ್ದು ಅಲ್ಲೇ. ಕೊನೇ ಸಾಲೂ ಆ ಜೀವದ್ದೇ, ಬೇರೆಯವರದ್ದಲ್ಲ.

ಸೈಡ್ ಬಿ

ಡಬಲ್ ಪೆಡಲ್, ಕೇಸಿನ ಸುದ್ದಿ 2017ರಲ್ಲಿ ಓದಿದ್ದೆ. ಸುಳ್ಳು ಯಾಕೆ ಹೇಳಲಿ, ಬಹಳ ನೋವಾಗಿತ್ತು. ನನ್ನ ಮನಸ್ಸಲ್ಲಿ ಬೇರು ಬಿಟ್ಟಿದ್ದ ಸಾಲುಗಳು ಅವೇ. ಆ ಮಾತುಗಳನ್ನ ಮೊದಲು ಬರೆದವರ ಹೆಸರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದ್ರೂ ನನ್ನ ಓದು ಬಿದ್ದುಹೋಗಲ್ಲ ಅಂತ ನನ್ನ ನಂಬಿಕೆ. ಸತ್ತವನು ಮಾತಾಡೋದು ಒಂದು, ಗಲ್ಲಿಗೆ ನಡೀತಾ ಇರೋನ ಮಾತಿನ ಬೆನ್ನಿಗೇ ಸತ್ತವನ ಮಾತು ಬರೋದು ಇನ್ನೊಂದು. ಈ ಹಾಡಿನಲ್ಲಿ ಆ ಸಾಲುಗಳು ಕೂತಿರೋ ಜಾಗ ಅಂಗಳ ಮತ್ತು ಆಕಾಶದ ಮಧ್ಯೆ. ಅಮ್ಮ ಹಳೇ ರೇಷ್ಮೆ ಸೀರೆಯ ಅಂಚು ಬಿಚ್ಚಿ ಹೊಸದಕ್ಕೆ ಹೊಲಿದಾಗ, ಅಂಚು ನೇಯ್ದವರು ಬೇರೆ, ಸೀರೆ ಬೇರೆ. ಉಟ್ಟಾಗ ಕಾಣೋದು ಎರಡೂ ಸೇರಿ.

2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಮೇಡನ್ ನುಡಿಸಿದಾಗ ನಾನಿದ್ದೆ. ಸುತ್ತ ಇದ್ದವರು ಗಿಟಾರಿನ ಸಾಲನ್ನೇ ಓ ಓ ಅಂತ ಹಾಡ್ತಿದ್ರು. ಪಕ್ಕದಲ್ಲಿದ್ದ ಹುಡುಗ, ಇಪ್ಪತ್ತು ವರ್ಷ ಇರಬಹುದು, ಕಣ್ಣು ಮುಚ್ಚಿ ಒಂದು ಪದವೂ ಬಿಡದೆ ಹೇಳ್ತಿದ್ದ. ‘ಅಲ್ಲಿ ಕೆಳಗೆ’ ಬಂದಾಗ ಬೆರಳು ಕೆಳಗೆ ತೋರಿಸಿದ. ನಿಂತಿದ್ದ ನೆಲವನ್ನೇ. ಅವನಿಗೂ ಗೊತ್ತಿತ್ತು ಅಂತ ಖುಷಿಯಾಯ್ತು, ಮಾತಾಡಿಸಲಿಲ್ಲ, ಆಮೇಲೆ ಜನದಲ್ಲಿ ಕಳೆದುಹೋದ.

ಮಲೆನಾಡ ಮಳೆ

ನಾನು ಇಲ್ಲಿ ಬರೆಯೋದು ಕಡಿಮೆ. ಈ ಚರ್ಚೆಯನ್ನ ಎರಡು ದಿನದಿಂದ ಓದ್ತಾ ಇದ್ದೀನಿ, ಬರೀಬೇಕು ಅನ್ನಿಸ್ತು.

ಅಪ್ಪ ಹೋಗಿ ಒಂದು ವರ್ಷ ಆಯ್ತು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತಿರ್ತಿದ್ದೆ, ಇಯರ್‌ಫೋನಿನಲ್ಲಿ ಇದೇ ಹಾಡು. ಬೇರೆಯವರಿಗೆ ಇದು ಗದ್ದಲ. ನನಗೆ ಆಗ ಬೇರೆ ಯಾವುದೂ ಕೇಳೋಕೆ ಆಗ್ತಿರಲಿಲ್ಲ. ಆ ಬೆಂಚಿನಲ್ಲಿ ಇನ್ನೊಬ್ಬರು ಅಮ್ಮ ಇದ್ರು, ಅವರ ಮಗ ಒಳಗಿದ್ದ. ಹೆಸರು ಸಹ ಕೇಳಿರಲಿಲ್ಲ. ಅಪ್ಪನನ್ನ ಹೊರಗೆ ತಂದಾಗ ಅವರು ನನ್ನ ಕೈ ಹಿಡಿದು ‘ದೇವರು ನಿನ್ನ ಜೊತೆಗಿರಲಿ ಮಗ’ ಅಂದ್ರು. ಅವರ ಮಗ ಇನ್ನೂ ಒಳಗಿದ್ದ.

ಹಾಡಿನಲ್ಲೂ ಒಬ್ಬ ಇದಾನಲ್ಲ. ಕೈದಿ ಅಂಗಳಕ್ಕೆ ಹೋಗ್ತಾ ಇರೋವಾಗ ಯಾವುದೋ ಕೋಣೆಯಿಂದ ‘ದೇವರು ನಿನ್ನ ಜೊತೆಗಿರಲಿ’ ಅಂತ ಕೂಗ್ತಾನೆ. ಇಲ್ಲಿ ಇಷ್ಟೊತ್ತು ಯಾರೂ ಅವನ ಬಗ್ಗೆ ಮಾತಾಡಲಿಲ್ಲ. ಇಡೀ ಹಾಡಿನಲ್ಲಿ ಕೈದಿ ಬಿಟ್ಟರೆ ನಮಗೆ ಕೇಳಿಸೋ ಮನುಷ್ಯನ ಮಾತು ಅದೊಂದೇ. ಪಾದ್ರಿ ಬರ್ತಾರೆ, ಅವರ ಮಾತು ಕೇಳಿಸಲ್ಲ. ಕಾವಲಿನವರದ್ದೂ ಕೇಳಿಸಲ್ಲ.

ಸೈಡ್ ಬಿ ಅವರೇ, ಆ ಸತ್ತ ಮೇಲಿನ ಸಾಲುಗಳನ್ನ ಕನ್ನಡಕ್ಕೆ ಹೇಗೆ ತಂದಿರಿ? ‘ಚಿಂತೆ ಮಾಡಬೇಡಿ’ ಅಂತಲೋ ‘ಮಾಡಬೇಡ’ ಅಂತಲೋ? ಇಂಗ್ಲಿಷಿಗೆ ಎಲ್ಲದಕ್ಕೂ ಒಂದೇ ಪದ, ಕನ್ನಡದಲ್ಲಿ ನೀನು, ನೀವು ಎರಡರಲ್ಲೊಂದು ಆರಿಸಲೇಬೇಕು. ಅಂದ್ರೆ ಅವನು ಯಾರಿಗೆ ಹೇಳ್ತಿದ್ದಾನೆ ಅಂತ ಗೊತ್ತಿರಬೇಕು. ಹಾಡಿನಲ್ಲಿ ಅವನಿಗೆ ಹೆಂಡತಿ ಮಕ್ಕಳ ಸುದ್ದಿ ಇಲ್ಲ, ಅಪ್ಪ ಅಮ್ಮನ ಸುದ್ದಿ ಇಲ್ಲ. ಅವನಿಗೋಸ್ಕರ ಚಿಂತೆ ಮಾಡಿದವನು ಒಬ್ಬನೇ, ಆ ಕೋಣೆಯೊಳಗಿದ್ದವನು.

ಅದರ ಮುಂದಿನ ಮಾತು ನೋಡಿ. ‘ನಿನ್ನ ಹೊತ್ತು ಹತ್ತಿರ ಬಂತು ಅಂತ ಗೊತ್ತಾದಾಗ ಆಗ ನಿನಗೂ ತಿಳಿಯುತ್ತೆ’ ಅನ್ನೋ ಅರ್ಥ. ನಮಗೆಲ್ಲ ಅದು ಸಾಮಾನ್ಯ ಉಪದೇಶದ ಹಾಗೆ ಕೇಳುತ್ತೆ. ರೊಟ್ಟಿ ಅಣ್ಣನ ದೊಡ್ಡಪ್ಪ ಹೇಳಿದ ಆ ಕೋಣೆಗಳ ಸಾಲಿನಲ್ಲಿ ಎಚ್ಚರ ಕೂತವನಿಗೆ ಹೇಳಿದ್ರೆ? ಅವನ ಹೊತ್ತು ನಿಜವಾಗಲೂ ಹತ್ತಿರ ಇದೆ. ನಾಳೆಯೋ ಮುಂದಿನ ವಾರವೋ ಬೂಟು ಅವನ ಬಾಗಿಲಲ್ಲಿ ನಿಲ್ಲುತ್ತೆ. ಹೋದವನು ತಿರುಗಿ ಬಂದು, ಕೂಗಿದವನಿಗೆ ಉತ್ತರ ಹೇಳ್ತಿದ್ದಾನೆ ಅಂತ ನನಗೆ ಅನಿಸೋದು. ಭಯಪಡಬೇಡ, ನಾನು ನೋಡಿ ಬಂದೆ ಅಂತ.

ಹಾಗಿದ್ರೆ ಕೊನೇ ಸಾಲು ಆ ಕೋಣೆಯವನದ್ದು. ಎರಡು ನಿಮಿಷದ ವಾದ್ಯದಲ್ಲಿ ಅವನ ಕೋಣೆಯ ಬಾಗಿಲೂ ತೆರೆದಿದೆ. ಪೂಜೆ ಗಂಟೆಯವರು ಹೇಳಿದ ಹಾಗೆ ಪ್ರಾರ್ಥನೆ ಅರ್ಧಕ್ಕೆ ನಿಂತದ್ದೂ ಅದಕ್ಕೇ ಇರಬಹುದು, ಮುಂದೆ ಹೇಳೋಕೆ ಅವನಿಗೆ ಹೊತ್ತಿರಲಿಲ್ಲ.

ಜೋಳದ ರೊಟ್ಟಿ

ತಂಗಿ, ನಿಮ್ಮ ತಂದೀವ್ರ ಸುದ್ದಿ ಕೇಳಿ ಸಂಕಟ ಆತು. ನಾನು ಆ ಕೂಗಿದಾವನ್ನ ಇಷ್ಟು ವರ್ಷ ಕೇಳೇ ಇಲ್ಲ ನೋಡ್ರಿ. ಹಾಡು ಮತ್ತ ಹಚ್ಚೀನಿ, ಮೈ ಮ್ಯಾಲ ಮುಳ್ಳ ಬಂದಾವು.

ಡಬಲ್ ಪೆಡಲ್

ಮೇಡಂ, ನನ್ನ ‘ಬೇರೆಯವರದ್ದಲ್ಲ’ ಅನ್ನೋ ಮಾತನ್ನ ವಾಪಸ್ ತಗೋತೀನಿ. ಆ ಬೆಂಚಿನ ಅಮ್ಮನ ಮಗ ಹುಷಾರಾದನಾ?

ಮಲೆನಾಡ ಮಳೆ

ಗೊತ್ತಾಗಲಿಲ್ಲ. ನಾವು ಆ ರಾತ್ರಿಯೇ ಊರಿಗೆ ಹೊರಟೆವು.

ಪೂಜೆ ಗಂಟೆ

ಭಾನುವಾರ ಪೂಜೆಯಲ್ಲಿ ಆ ಪ್ರಾರ್ಥನೆ ಹೇಳುವಾಗ ನಿಮ್ಮಪ್ಪನನ್ನೂ, ಆ ಹುಡುಗನನ್ನೂ ನೆನೆಸಿಕೊಳ್ತೀನಿ. ಪೂರ್ತಿ ಹೇಳ್ತೀನಿ, ಅರ್ಧಕ್ಕೆ ನಿಲ್ಲಿಸಲ್ಲ.

ಸೈಡ್ ಬಿ

ಎರಡು ದಿನ ಉತ್ತರಿಸಲಿಲ್ಲ, ಕ್ಷಮಿಸಿ. ನೋಟ್‌ಬುಕ್ ಅಟ್ಟದ ಪೆಟ್ಟಿಗೆಯಲ್ಲಿತ್ತು, ಹುಡುಕಿ ತೆಗೆದೆ.

ಮಳೆ ಮೇಡಂ, ನಾನು ಬರೆದಿದ್ದು ‘ಚಿಂತೆ ಮಾಡಬೇಡಿ’ ಅಂತಲೇ. ‘ನಿಮ್ಮ ಹೊತ್ತು’, ‘ನಿಮಗೂ ತಿಳಿದೀತು’. ಆಗ ಅವನು ಕೇಳುಗರಿಗೆಲ್ಲ ಹೇಳ್ತಿದ್ದಾನೆ, ಅದರಲ್ಲಿ ನಾನೂ ಒಬ್ಬ ಅಂತ ಅಂದುಕೊಂಡಿದ್ದೆ. ಯಾರಿಗೆ ಅಂತ ಕೇಳಿಕೊಂಡೇ ಇರಲಿಲ್ಲ. ನಿನ್ನೆ ರಾತ್ರಿ ಮೂರು ಕಡೆ ಹೊಡೆದು ಬೇಡ, ನಿನ್ನ, ನಿನಗೂ ಅಂತ ಮಾಡಿದೆ. ಅಷ್ಟೇ ಬದಲಾಯಿಸಿದ್ದು. ಓದಿ ನೋಡಿದೆ. ಉಪದೇಶದಂತಿದ್ದ ಸಾಲುಗಳು ಗೋಡೆಯಾಚೆಯ ಗೆಳೆಯನಿಗೆ ಪಿಸುಗುಟ್ಟಿದ ಹಾಗೆ ಆದವು. ಭ್ರಮೆಯ ಸಾಲು ಕೂಡ ಈಗ ನಮ್ಮಜ್ಜನ ಮಾತಿನ ಹಾಗೆ ಕೇಳಿಸ್ತಾ ಇಲ್ಲ. ಹೆದರಿ ಕೂತವನಿಗೆ ಬೆನ್ನು ಸವರೋ ಮಾತು ಅದು.

ಇನ್ನು ಶೀರ್ಷಿಕೆಯ ಸಾಲು. ಇಂಗ್ಲಿಷಿನ ಹಳೇ ‘ದೈ’ ಅಂದ್ರೆ ನಮ್ಮ ‘ನಿನ್ನ’. ಬೈಬಲ್ಲಿನ ‘ನಿನ್ನ ನಾಮವು’ ಬರೆದ್ರೆ ಗೆಳೆಯನಿಗೆ ಹೇಳಿದ ಏಕವಚನವೇ ದೇವರಿಗೂ ಸಲ್ಲುತ್ತೆ. ಪೂಜೆ ಗಂಟೆ ಮೇಡಂ ಚಿಕ್ಕಂದಿನಿಂದ ಹೇಳಿಕೊಂಡು ಬಂದ ‘ನಿಮ್ಮ ನಾಮವು’ ಬರೆದ್ರೆ, ಕೊನೇ ಗಳಿಗೆಯಲ್ಲೂ ಅವನು ಬಾಗಿ ನಿಂತ ಹಾಗಿರುತ್ತೆ. ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿದೆ, ಹಾಡು ಹಾಕಿಕೊಂಡು ನೋಡಿದೆ. ಆ ಒಂದು ಪದವನ್ನ ಇನ್ನೂ ಪೆನ್ಸಿಲ್‌ನಲ್ಲೇ ಬಿಟ್ಟಿದ್ದೀನಿ.